ಕುಬಸಕ್ಕೆ ಬೇಕಾದ ಸಂಪಿಗೆ

ರಬಕವಿ, ಗುರುವಾರ

ನೆಗೆಣ್ಣಿ ಯಲ್ಲವ್ವಗೆ, ಗೋಡೆಯ ಈಚೆಯಿಂದ ಶಂಕ್ರವ್ವ ಬರೆಯುವುದು.

ನಿನ್ನ ಬಸುರಿ ಮೊಮ್ಮಗಳು ವಂದನಾಳ ಕುಬಸಕ್ಕೆ ಸಂಪಿಗೆ ಹೂವು ಬೇಕೆಂದು ಹೇಳಿ ಕಳಿಸಿದ್ದೀ. ನಮ್ಮ ಗಂಡಂದಿರು ಅಣ್ಣ-ತಮ್ಮ ಮನೆ ಪಾಲು ಮಾಡಿಕೊಂಡಾಗ ನಾನು ಬೆಳೆಸಿದ ಗಿಡ ನಿನ್ನ ಹಿತ್ತಲಿಗೆ ಹೋಯಿತು. ದೇವರಿಗೆ ಒಂದೇ ಒಂದು ಹೂವು ಕೇಳಿದರೆ, "ಅಕ್ಕಾ, ನಿನ್ನ ಪಾಲು ಮುಗದೈತಿ, ನಡಿ" ಅಂದಿ. ನೂಲಿಗೆ ಹಚ್ಚಿ ಉಳಿದ ಗಂಜಿಯನ್ನು ದಿನಾ ಅದರ ಬುಡಕ್ಕೆ ಸುರಿದಿ. ಅದರಲ್ಲಿ ಬೇರು ಸುಡುವ ಮೈಲುತುತ್ತ ಇರುತ್ತದೆಂದು ನೇಕಾರರ ಮನೆಯ ಕೂಸಿಗೂ ಗೊತ್ತು. ನಾನು ಗೋಡೆಯ ಮೇಲಿಂದ ನೋಡಿದೆ, ಹೇಳಲಿಲ್ಲ. ಗಿಡ ಒಣಗಿತು.

ಆಮೇಲೆ ನಾನು ತಂದು ನೆಟ್ಟ ಕಸಿ ಸಂಪಿಗೆ ಎದೆಮಟ್ಟವೇ ಇದ್ದರೂ ಈಗ ಮೈತುಂಬ ಹೂವು ಬಿಟ್ಟಿದೆ. ಕೊಡುತ್ತೇನೆ, ಹುಡುಗಿಯ ತಪ್ಪೇನಿಲ್ಲ. ಆದರೆ ಕಳಿಸುವುದಿಲ್ಲ, ನಾನೇ ತಂದು ಮುಡಿಸುತ್ತೇನೆ. "ಯಾರ ಗಿಡದ್ದಬೇ ಇಷ್ಟು ಛಲೋ ಹೂವು?" ಎಂದು ಓಣಿಯ ಹೆಂಗಸರು ಕೇಳೇ ಕೇಳುತ್ತಾರೆ. ನಾನು ಬಾಯಿ ಬಿಡುವುದಿಲ್ಲ. ನನ್ನ ಹೆಸರು ನೀನೇ ಹೇಳಬೇಕು, ಹಿಂದೆ ಕೂತ ಕಿವುಡಿ ಕಾಶವ್ವನಿಗೂ ಕೇಳುವಷ್ಟು ಗಟ್ಟಿಯಾಗಿ.

ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ ಹಾಕಿಸು. ನನ್ನ ಮೊಣಕಾಲು ಬಾಗುವುದಿಲ್ಲ.

ನಿನ್ನ ಹಿರಿಯ ನೆಗೆಣ್ಣಿ,
ಶಂಕ್ರವ್ವ