ಹದಿನೈದು ಡ್ಯೂಟಿಗೆ ಬಂತು

ಅಕ್ಕಾ,

ಕೆಮ್ಮು ಹೋಯಿತು, ಗುಂಡುಕಲ್ಲಿನ ಹಾಗಿದ್ದೇನೆ. ಮೊದಲು ಅದನ್ನು ಓದಿಕೋ.

ಈ ಹೊಲಿಗೆ ಕಾರ್ಖಾನೆಯಲ್ಲಿ ಯಾರಿಗೂ ಹೆಸರಿಲ್ಲ, ಮಿಷನ್ನಿನ ನಂಬರೇ ಹೆಸರು. "ಏಳಕ್ಕೆ ಜ್ವರ, ಒಂಬತ್ತಕ್ಕೆ ಮದುವೆ ಗೊತ್ತಾಯ್ತು" ಅನ್ನುತ್ತಾರೆ. ಮೂರು ತಿಂಗಳಿಂದ ನಾನು ಹದಿನಾಲ್ಕು. ಸಾಲಿನ ಕೊನೆ, ಪಕ್ಕದಲ್ಲಿ ಕಿಟಕಿ ಬಿಟ್ಟರೆ ಯಾರೂ ಇಲ್ಲ. ಇವತ್ತು ಬೆಳಿಗ್ಗೆ ಮೇಸ್ತ್ರಿಯಮ್ಮ, "ಹದಿನೈದು ಡ್ಯೂಟಿಗೆ ಬಂತು ಕಣ್ರೇ!" ಎಂದು ಕೂಗಿದರು. ಅಂತೂ ಜೊತೆಗೊಬ್ಬಳು ಸಿಕ್ಕಳೆಂದು ನಾನು ಬೆಂಚಿನಲ್ಲಿ ಸರಿದು, ಊಟದ ಡಬ್ಬಿ ಎತ್ತಿಟ್ಟು ಜಾಗ ಮಾಡಿದೆ. ಎಲ್ಲರೂ ಎದ್ದು ನನ್ನ ಕಿಟಕಿಗೆ ಬಂದರು. ಹದಿನೈದು ಅಂದರೆ ಹೊರಗಿನ ಬೋಳು ಮರವಂತೆ! ಚಳಿಗಾಲವಿಡೀ ರಜೆಯಲ್ಲಿದ್ದದ್ದು ಇವತ್ತು ಚಿಗುರಿದೆ. ನಾನು ಸರಿದು ಕೂತಿದ್ದು ನೋಡಿ ಅವರಿಗೆ ನಕ್ಕು ನಕ್ಕು ಸಾಕಾಯಿತು. ನಾನೂ ನಕ್ಕೆ. ಆದರೆ ಮಾಡಿದ ಜಾಗವನ್ನು ಸಂಜೆಯವರೆಗೂ ಹಾಗೇ ಬಿಟ್ಟಿದ್ದೆ.

ನಾಳೆ ಬೆಳಿಗ್ಗೆಯ ಅಂಚೆಗೆ ಇದನ್ನು ಹಾಕಬೇಕು. ಕೆಳಗೆ ಕೈತಪ್ಪಿ ‘ಹದಿನಾಲ್ಕು’ ಎಂದು ಸಹಿ ಮಾಡಿ ಹೊಡೆದುಹಾಕಿದ್ದೇನೆ, ನಗಬೇಡ. ಉತ್ತರ ಬರೆಯುವಾಗ ನನ್ನನ್ನು ನಾಲ್ಕು ಸಲ ಹೆಸರು ಹಿಡಿದು ಬೈ.

ನಿನ್ನ ಮೊಂಡಿ