ಮೊದಲು ಕಂಡವನ ಟೀ

ದೊರೆಸ್ವಾಮಿ,

ಇವತ್ತು ಸಂತೆಮರಹಳ್ಳಿ ಬಸ್ ನಿಲ್ದಾಣದಲ್ಲಿ ನಮ್ಮ ರೇಷ್ಮೆ ಕಾರ್ಖಾನೆಯ ಮಾದಣ್ಣ ನನ್ನನ್ನು ಕಂಡವನೇ ಕಂಬದ ಹಿಂದೆ ಸರಿದ. ಮೊದಲು ಕಂಡವನೇ ಟೀ ಕುಡಿಸಬೇಕೆಂದು ಕಟ್ಟಳೆ ಮಾಡಿದವನು ನೀನೇ ಅಲ್ಲವೇ? ಅವನೂ ರಿಟೈರಾಗಿ ವರ್ಷವಾಯಿತು. ಹೋಗಿ ಎದುರಿಗೇ ನಿಂತೆ.

“ನೋಡ್ನಿಲ್ಲ ಕಣಣ್ಣೋ” ಅಂದ.

“ಬುಡ್ಲಾ, ನಂಗೇನೂ ಟೀ ಬ್ಯಾಡ” ಅಂದೆ.

ಗ್ಯಾಸು, ಬಿಪಿ ಮಾತ್ರೆ ಕೊಂಡ ಮೇಲೆ ಈ ಪಿಂಚಣಿಯಲ್ಲಿ ಸ್ನೇಹಕ್ಕೆಂದು ಏನು ಉಳಿಯುತ್ತದೆ? ಥೂ, ಮೂವತ್ತು ವರ್ಷ ರೇಷ್ಮೆಗೂಡು ಬೇಯಿಸುವ ಬಿಸಿನೀರಲ್ಲಿ ಕೈ ಬೇಯಿಸಿಕೊಂಡದ್ದು ಇದಕ್ಕೇ.

ಹೋದ ಯುಗಾದಿಯ ಹಿಂದಿನ ದಿನ ಅದೇ ನಿಲ್ದಾಣದಲ್ಲಿ ನಾನೂ ನಿನ್ನನ್ನು ಕಂಡು ಬೇಗೂರಿನ ಬಸ್ಸಿನ ಹಿಂದೆ ಅಡಗಿದ್ದೆ. ನೀನು ತೀರಿಕೊಂಡ ಮೇಲೆ ಅಲ್ಲಿನ ಹೋಟೆಲಿನವನು ಹೇಳಿದ: “ಅವತ್ತು ಬಸ್ಸಿನ ಹಿಂದಿದ್ದ ನಿಮ್ಮನ್ನ ತೋರ್ಸಿ ಎರಡು ಟೀ ಮಾಡ್ಸಿದ್ರು ಕಣಣ್ಣ. ಒಂದು ಅಂಗೇ ಆರೋಯ್ತು.”