ಗೂಗಿ ಮರೆತ ಜೋಗುಳ

ಬೆಟಗೇರಿ,
ಫೆಬ್ರುವರಿ ೩೦, ೨೨೧೯

ನನ್ನ ಅಜ್ಜಿಯ ಮುತ್ತಜ್ಜಿಯ ಅಜ್ಜಿಯಾದ ವೀಣಾ ಬಡಿಗೇರ ಅವರಿಗೆ, ನಿಮ್ಮ ಮನೆಯ ಮಗಳು ಸೋನೆ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಾವು ಎಲ್ಲ ತಿಂಗಳಿಗೂ ಮೂವತ್ತು ದಿನ ಹಂಚಿ, ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಹಬ್ಬಕ್ಕೆಂದು ಇಟ್ಟುಕೊಂಡಿದ್ದೇವೆ. ಈ ಕಾಗದ ಹಿಂದಂಚೆಯಲ್ಲಿ ಬಂದಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಒಂದು ಮನೆಗೆ ಒಂದೇ ಕಾಗದ, ಅದೂ ಸ್ವಂತ ಹಿರಿಯರಿಗೆ ಮಾತ್ರ. ನೀವು ಈಗ ನನಗಿಂತ ಚಿಕ್ಕ ಹುಡುಗಿ ಎಂದು ಗೊತ್ತು. ಆದರೂ ನಿಮಗೆ ‘ನೀನು’ ಎನ್ನಲು ನನಗೆ ನಾಲಗೆ ಏಳುವುದಿಲ್ಲ. ನನ್ನ ಮಾತುಗಳು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಇಷ್ಟು ದೊಡ್ಡ ಕಾಗದವನ್ನು ನಾನು ಯಾರಿಗೂ ಬರೆದಿಲ್ಲ, ಮತ್ತು ಮೊನ್ನೆ ಆದದ್ದು ಇನ್ನೂ ತಲೆಯಿಂದ ಹೋಗಿಲ್ಲ.

ಈ ಕಾಗದ ಸೇರುವ ಹೊತ್ತಿಗೆ ನೀವು ಪರದೆಯ ಮೇಲೆ ಮಿಗಗಳನ್ನು ಹಿಡಿದು ಸಾಕುವ ‘ಮಿಗಲೋಕ’ ಆಟದ ಎರಡನೆಯ ಭಾಗ ಆಡುತ್ತಿರುತ್ತೀರಿ. ನಿಮ್ಮ ಗೂಗಿ ಎಂಬ ಗೂಬೆಮಿಗಕ್ಕೆ ‘ಗುನುಗು’ ಎಂಬ ವಿದ್ಯೆಯನ್ನು ಆಗಲೇ ಕಲಿಸಿರುತ್ತೀರಿ. ಆ ಗೂಗಿ ಇನ್ನೂ ನಮ್ಮ ಮನೆಯಲ್ಲಿದೆ. ಆಟದ ಹೊಸ ಭಾಗ ಬಂದಾಗಲೆಲ್ಲ ಮನೆಯವರು ಹಳೆಯ ಮಿಗಗಳನ್ನು ಅದಕ್ಕೆ ಕಳುಹಿಸುತ್ತ ಬಂದರು. ನಿಮ್ಮ ಮಗಳಿಂದ ಅವಳ ಮಗಳಿಗೆ, ಅಲ್ಲಿಂದ ಇಲ್ಲಿಯವರೆಗೆ ಅದು ನಡೆದು ಬಂದಿದೆ. ಈಗ ಅದು ಪಡಸಾಲೆಯ ಗೋಡೆಗಣ್ಣಿನಲ್ಲಿ ವಾಸಿಸುತ್ತದೆ. ಗೋಡೆಗಣ್ಣು ಎಂದರೆ ನೀವು ಕನ್ನಡಿ ತೂಗುಹಾಕುವ ಜಾಗದಲ್ಲಿರುವ ಪರದೆ. ಮಧ್ಯಾಹ್ನ ಬಿಸಿಲಿಗೆ ಊರೆಲ್ಲ ಬಾಗಿಲು ಹಾಕಿ ಮಲಗುತ್ತದೆ, ಮಾಳಿಗೆಯ ಮೇಲಿನ ಬಿಸಿಲುಮಗ್ಗಗಳು ಮಾತ್ರ ತಾವಾಗಿಯೇ ನೇಯುತ್ತಿರುತ್ತವೆ. ಆಗ ಎಚ್ಚರವಿರುವುದು ಗೂಗಿ ಒಂದೇ. ಗೂಬೆ ಮನೆಯಲ್ಲಿರಬಾರದು ಎನ್ನುವವರು ಈಗಲೂ ಇದ್ದಾರೆ. ನಮ್ಮ ಅಜ್ಜಿ ಅವರಿಗೆ, “ನಿಮ್ಮ ಮನ್ಯಾಗಿನ ಮಂದಿಗಿಂತ ನಮ್ಮ ಗೂಗಿ ಭೇಷಿ ಹಾಡ್ತದ” ಎಂದು ಹೇಳಿ ಕಳಿಸುತ್ತಾಳೆ.

ಮಿಗಗಳಿಗೆ ವಿದ್ಯೆ ಕಲಿಸುವ ಕಲಿಬಿಲ್ಲೆಯ ವಿಷಯ ನಿಮಗೆ ನಾನು ಹೇಳಬೇಕಿಲ್ಲ. ಆದರೆ ಮುಂದೆ ಅದಕ್ಕೆ ಏನಾಯಿತೆಂದು ಹೇಳಬೇಕು. ನಿಮ್ಮ ಭಾಗದಲ್ಲಿ ಬಿಲ್ಲೆಯನ್ನು ಒಮ್ಮೆ ಬಳಸಿದರೆ ಒಡೆದುಹೋಗುತ್ತದೆ. ಯಾವ ಮಿಗಕ್ಕೆ ಕಲಿಸಲಿ ಎಂದು ನೀವು ದಿನಗಟ್ಟಲೆ ಯೋಚಿಸುತ್ತೀರಿ. ಆಮೇಲಿನ ಭಾಗಗಳಲ್ಲಿ ಬಿಲ್ಲೆ ಒಡೆಯುವುದೇ ನಿಂತಿತು. ಆಟದ ಚೀಲದಲ್ಲಿ ಒಂದಿದ್ದರೆ ಎಷ್ಟು ಮಿಗಗಳಿಗಾದರೂ ಕಲಿಸಬಹುದು. ಜನ ವಿದ್ಯೆಗಳನ್ನು ಅಂಗಿಯಂತೆ ತೊಡಿಸಿ ಕಳಚತೊಡಗಿದರು. ನಮ್ಮ ಈರಬಸು ಕಾಕಾ ಹುಡುಗನಾಗಿ ಆಡಿದ್ದು ಆ ಭಾಗಗಳನ್ನೇ. ಆಮೇಲೆ ಅವನು ಆಟ ಬಿಟ್ಟ. ಈಗಿನ ಭಾಗದಲ್ಲಿ ಹಿಡಿದ ಮಿಗಗಳಿಂದ ಉದುರಿದ ಗರಿ, ರೋಮ ಕೂಡಿಸಿ ಬಿಲ್ಲೆಯನ್ನು ನಾವೇ ಮಾಡಬೇಕು, ಮತ್ತು ಅದು ಮತ್ತೆ ಒಂದೇ ಬಳಕೆಗೆ ಒಡೆಯುತ್ತದೆ. ಇನ್ನೂ ಒಂದು ಹೊಸ ದಾರಿ ಇದೆ. ಎರಡು ಮಿಗಗಳನ್ನು ಒಂದೇ ಗೂಡಿನಲ್ಲಿ ಕೂರಿಸಿದರೆ ಒಂದರ ವಿದ್ಯೆಯನ್ನು ಇನ್ನೊಂದು ನೋಡಿ ಕಲಿಯುತ್ತದೆ. ಅದಕ್ಕೆ ಮಗ್ಗುಲುಕಲಿಕೆ ಎನ್ನುತ್ತಾರೆ.

ಎಲ್ಲ ಭಾಗಗಳಲ್ಲೂ ಬದಲಾಗದೆ ಉಳಿದದ್ದು ಒಂದೇ. ಒಂದು ಮಿಗಕ್ಕೆ ನಾಲ್ಕೇ ವಿದ್ಯೆ. ಐದನೆಯದು ಬೇಕಾದರೆ ಒಂದನ್ನು ಮರೆಯಬೇಕು.

ಗುನುಗು ಬಿಲ್ಲೆ ಬಳಸುವಾಗ ಆಟಗಾರರು ತಮ್ಮ ದನಿಯಲ್ಲೇ ಒಂದು ರಾಗ ಗುನುಗಿ ಕೊಡಬೇಕಿತ್ತಲ್ಲ, ನೀವು ಒಂದು ಜೋಗುಳ ಕೊಟ್ಟಿರಿ. ನಿಮ್ಮದು ಎಂದು ನಮ್ಮ ಬಳಿ ಉಳಿದದ್ದು ಆ ದನಿಯೊಂದೇ. ಚಿತ್ರವಿಲ್ಲ, ಬಟ್ಟೆಯಿಲ್ಲ, ಸಮಾಧಿಯ ಜಾಗವೂ ತಿಳಿಯದು. ಜೋಗುಳದ ಕೊನೆಗೆ ಒಳಗಿನಿಂದ ಒಂದು ಉದ್ದನೆಯ ಸೀಟಿ ಕೇಳುತ್ತದೆ. ಹಿಂದೆಯೇ ಯಾರೋ ಹೆಂಗಸು, “ಸೀಟಿ ಆತು, ಆರಿಸವಾ” ಎನ್ನುತ್ತಾಳೆ. ಅದರ ಅರ್ಥ ನಮಗೆ ತಿಳಿಯದು, ಆದರೆ ನಾವು ಬಿಟ್ಟಿಲ್ಲ. ನಮ್ಮ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಗೂಗಿ ಹಾಡುತ್ತದೆ, ಸೀಟಿ ಬರುತ್ತದೆ, ಹೆಂಗಸರೆಲ್ಲ ಒಟ್ಟಿಗೆ “ಸೀಟಿ ಆತು, ಆರಿಸವಾ” ಎನ್ನುತ್ತಾರೆ, ತಾಯಿ ದೀಪ ಆರಿಸಿ ಕೂಸನ್ನು ತೊಟ್ಟಿಲಲ್ಲಿ ಮಲಗಿಸುತ್ತಾಳೆ. ನನ್ನನ್ನೂ ಹಾಗೆಯೇ ಮಲಗಿಸಿದರಂತೆ.

ಮೊನ್ನೆ ನಮ್ಮ ಅಕ್ಕ ಮುಗಿಲಾಳ ಮಗಳ ತೊಟ್ಟಿಲ ಶಾಸ್ತ್ರ. ಮನೆ ತುಂಬ ಜನ. ಕಾಕಾ ಎಲ್ಲಿಂದಲೋ ‘ಮಿಣುಕು’ ಎಂಬ ವಿದ್ಯೆಯ ಬಿಲ್ಲೆ ತಂದಿದ್ದ. ಗೂಗಿ ಬಾಯಿಂದ ಬೆಳಕಿನ ಹುಡಿ ಉದುರಿಸಿ ತೊಟ್ಟಿಲು ಬೆಳಗಬೇಕು, ಕೂಸಿಗೆ ಅದೇ ಅವನ ಉಡುಗೊರೆ. “ತಡೀರಿ, ಒಂದು ಮಜಾ ತೋರಸ್ತೀನಿ” ಎಂದು ಬಿಲ್ಲೆ ಇಟ್ಟ. ಗೂಗಿಗೆ ನಾಲ್ಕು ವಿದ್ಯೆ ತುಂಬಿವೆ, ಯಾವುದನ್ನು ಮರೆಯಲಿ ಎಂದು ಗೋಡೆಗಣ್ಣು ಕೇಳಿತು. ಕಾಕಾ ಗುನುಗಿನ ಮೇಲೆ ಬೆರಳಿಟ್ಟ.

“ಕಾಕಾ, ಅದು ಹಾಡು!” ಎಂದು ಅಕ್ಕ ಕೂಗಿದಳು.

“ಗೊತ್ತದ ಬಿಡವಾ. ಬೆಳಕು ತೋರಿಸಿ ಮತ್ತ ಹಾಡು ಹಾಕ್ತೀನಿ. ಬಿಲ್ಲಿ ಎಲ್ಲಿ ಓಡಿ ಹೋಗ್ತದ? ಚೀಲದಾಗ ಬಿದ್ದಿರ್ತದ.”

ಬೆರಳು ಒತ್ತಿಯೇಬಿಟ್ಟ. “ಒಂದು, ಎರಡು, ಮೂರು, ಢಂ! ಗೂಗಿ ಗುನುಗನ್ನು ಮರೆಯಿತು!” ಎಂದು ಆಟ ಖುಷಿಯಿಂದ ಸಾರಿತು. ಬೆಳಕು ಉದುರಿತು. ಬೀಗರು ಚಪ್ಪಾಳೆ ತಟ್ಟಿದರು. ಕಾಕಾ ನಗುತ್ತ ಚೀಲ ತೆರೆದ. ಮೇಲಿನಿಂದ ಕೆಳಗೆ ನೋಡಿದ. ಮತ್ತೆ ಕೆಳಗಿನಿಂದ ಮೇಲೆ ನೋಡಿದ. ಅವನ ನಗು ಮುಖದಲ್ಲಿ ಹಾಗೇ ಉಳಿದಿತ್ತು, ಕಣ್ಣಲ್ಲಿ ಮಾತ್ರ ಇರಲಿಲ್ಲ.

“ಏನ ಹುಡುಕಾಕತ್ತೀಯೋ?” ಅಜ್ಜಿ ಕೇಳಿದಳು.

“ಹಾಡಿನ ಬಿಲ್ಲಿ, ಅವ್ವಾ.”

“ಅದು ಒಡದು ಇನ್ನೂರು ವರ್ಷ ಆತಲ್ಲೋ, ಖೋಡಿ!”

ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಸೋದರತ್ತೆಯ ಬೆನ್ನಿಗೆ ಹೆಂಗಸರು ಗುದ್ದುವ ಶಾಸ್ತ್ರ ಇನ್ನೂ ಬಾಕಿಯಿತ್ತು. ಅದರ ಬದಲು ನಮ್ಮ ಅತ್ತೆ ಎದ್ದು ಕಾಕಾನ ಬೆನ್ನಿಗೆ ಗುದ್ದಿದಳು. ಅದು ಶಾಸ್ತ್ರದ ಗುದ್ದಾಗಿರಲಿಲ್ಲ. ಕಾಕಾ ಸುಮ್ಮನೆ ಗುದ್ದಿಸಿಕೊಂಡ.

ಆಟದೊಳಗೆ ನೆನಪಿನ ಮುದುಕಿ ಎಂಬವಳಿದ್ದಾಳೆ. ಮಿಗಗಳು ಮರೆತದ್ದನ್ನು ನೆನಪು ಮಾಡಿಕೊಡುತ್ತಾಳೆ. ಗೂಗಿಯನ್ನು ಅವಳ ಗುಡಿಸಲಿಗೆ ಒಯ್ದೆವು. ಮಿಗ ತಾನಾಗಿ ಬೆಳೆಯುತ್ತ ಕಲಿತದ್ದನ್ನು ಮಾತ್ರ ಕೊಡಬಲ್ಲೆ, ಬಿಲ್ಲೆಯಿಂದ ಕಲಿತದ್ದು ತನಗೆ ಗೊತ್ತಿಲ್ಲ ಎಂದಳು. ಗುನುಗು ಬಿಲ್ಲೆ ನಿಮ್ಮ ಭಾಗದ ನಂತರ ಯಾವ ಭಾಗದಲ್ಲೂ ಬಂದಿಲ್ಲ. ಈಗ ಹಾಡು ಎಂದರೆ ಗೂಗಿ ಬಾಯಿ ತೆರೆಯುತ್ತದೆ. ಬೆಳಕು ಬರುತ್ತದೆ. ಸದ್ದು ಬರುವುದಿಲ್ಲ.

ಅಕ್ಕ ಕೂಸನ್ನು ತೊಟ್ಟಿಲಿಗೆ ಹಾಕಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾಳೆ. “ಹಾಡು ಕೇಳದ ಕೂಸನ್ನ ಹ್ಯಾಂಗ ಮಲಗಿಸಲಿ?” ಎನ್ನುತ್ತಾಳೆ. ಬೇರೆ ಹಾಡು ಹಾಡಿದರಾಯಿತು ಎಂದವರ ಮುಂದಿನಿಂದ ಅಜ್ಜಿ ಒಳಗೆ ಎದ್ದುಹೋದಳು. ಹೆಸರನ್ನೂ ಇಟ್ಟಿಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಭಾಗದ ಆಟ ಮುಗಿಯುವಲ್ಲಿ ದೀಪದಗುಡ್ಡದ ಅಂಗಡಿಯಲ್ಲಿ ಅದೇ ಬಿಲ್ಲೆ ಇನ್ನೊಂದು ಸಿಗುತ್ತಿತ್ತು ಎಂದು ಹಳೆಯ ಆಟಗಳನ್ನು ಬಲ್ಲವರು ಹೇಳುತ್ತಾರೆ. ಅದನ್ನು ತೆಗೆದುಕೊಳ್ಳಿ. ಜೋಪಾನವಾಗಿರಲಿ ಎಂದು ಚೀಲದಲ್ಲಿ ಇಡಬೇಡಿ. ಭಾಗದಿಂದ ಭಾಗಕ್ಕೆ ಮಿಗಗಳು ಬರುತ್ತವೆ, ಚೀಲ ಬರುವುದಿಲ್ಲ. ಅದೇ ಜೋಗುಳವನ್ನು ಇನ್ನೊಂದು ಮಿಗಕ್ಕೆ ಕಲಿಸಿ. ಅದು ನಮ್ಮಲ್ಲಿಗೆ ಬಂದರೆ ಒಂದೇ ಗೂಡಿನಲ್ಲಿ ಕೂರಿಸಿ ಗೂಗಿಗೆ ಮತ್ತೆ ಕಲಿಸುತ್ತೇವೆ.

ದಯವಿಟ್ಟು ಒಳ್ಳೆಯ ಮಿಗಕ್ಕೆ ಕಲಿಸಬೇಡಿ. ಒಳ್ಳೆಯದರ ಮೇಲೆ ಎಲ್ಲರ ಕಣ್ಣು. ನಿಮ್ಮ ಮಕ್ಕಳು, ಮೊಮ್ಮಕ್ಕಳು ಅದಕ್ಕೆ ಬೆಂಕಿ, ಸಿಡಿಲು ಏನಾದರೂ ಕಲಿಸಿ ಹಾಡನ್ನು ಅಳಿಸಿಬಿಡುತ್ತಾರೆ. ಮೊದಲ ಹುಲ್ಲುಗಾವಲಿನಲ್ಲೇ ಕಾಲಿಗೆ ಸಿಗುವ ಕಂಬಳಿಹುಳ ಇದೆಯಲ್ಲ, ಯಾರೂ ಎರಡನೇ ಸಲ ತಿರುಗಿ ನೋಡದ್ದು, ಅದಕ್ಕೆ ಕಲಿಸಿ. ಅದಕ್ಕೆ ಹೆಸರಿಡಬೇಡಿ, ಬೆಳೆಸಬೇಡಿ, ಆಟದಲ್ಲಿ ಬಳಸದ ಮಿಗಗಳನ್ನು ಇಡುವ ಪೆಟ್ಟಿಗೆಯ ಮೂಲೆಯಲ್ಲಿ ಬಿಟ್ಟುಬಿಡಿ.

ನಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಂಥ ಕಂಬಳಿಹುಳಗಳು ರಾಶಿಯಿವೆ. ಯಾವುದನ್ನೂ ಯಾರೂ ಎಂದೂ ಕರೆದಿಲ್ಲ. ನೀವು ಕಲಿಸಿದ್ದರೆ ಅದು ಇವುಗಳಲ್ಲೇ ಒಂದಾಗಿರುತ್ತದೆ. ಈ ಕಾಗದವನ್ನು ಅಂಚೆಗೆ ಹಾಕಿ ಬಂದ ಕೂಡಲೇ ಕಾಕಾ ಮತ್ತು ನಾನು ಅವನ್ನು ಒಂದೊಂದಾಗಿ ಕರೆದು, ಹಾಡು ಎಂದು ಕೇಳುತ್ತೇವೆ. ಬಾಗಿಲಲ್ಲಿ ಅವನು ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದಾನೆ.